ಒಂದು ಗಂಟೆಯ ಶಸ್ತ್ರಚಿಕಿತ್ಸೆಗೆ ಮೂರು ಗಂಟೆ: ಕೋಲಾರದಲ್ಲಿ ಪಿತ್ತಕೋಶ ತೆಗೆಸಿದ ಅನುಭವ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ನೀರುಗಂಟಿ. ಈ ಬೇಸಿಗೆಯಲ್ಲಿ ನನ್ನ ಹೆಂಡತಿಯ ಪಿತ್ತಕೋಶವನ್ನು ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೆಗೆಸಿದೆವು. ಅಲ್ಲಿನ ಎರಡು ಸಂಗತಿಗಳ ಬಗ್ಗೆ ನನ್ನ ದೂರಿದೆ, ಆದ್ದರಿಂದ ಹೆಸರು ಬರೆಯುವುದಿಲ್ಲ. ಆದರೆ ಅಲ್ಲಿನ ಡಾಕ್ಟರಮ್ಮ ಕೆಲಸ ಮಾಡಿದ ರೀತಿಯನ್ನು ನಾಲ್ಕು ಜನಕ್ಕೆ ತಿಳಿಸದಿದ್ದರೆ ನನಗೆ ಸಮಾಧಾನವಿಲ್ಲ.

ಯುಗಾದಿಯ ರಾತ್ರಿ ಅವಳಿಗೆ ಬಲಪಕ್ಕೆಯ ಕೆಳಗೆ ಹಿಡಿದ ನೋವು ಹೆಗಲಿನ ತನಕ ಏರಿ ಬೆಳಗಿನ ಜಾವದವರೆಗೂ ಬಿಡಲಿಲ್ಲ. ಗ್ಯಾಸ್ ಇರಬೇಕೆಂದು ಕೆಲವು ವಾರ ಮಾತ್ರೆ ನುಂಗಿದಳು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಕಲ್ಲುಗಳು ಕಂಡವು. ದೊಡ್ಡದು 14 ಮಿಲಿಮೀಟರ್. ನಾಲ್ಕು ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೋಸ್ಕೋಪಿ, ಒಂದು ಗಂಟೆಯ ಕೆಲಸ ಎಂದರು. ಸಹಿ ಹಾಕಿಸುವ ಮೊದಲು ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು ಇದು: "ಒಳಗೆ ನಾಳಗಳ ಗುರುತು ಖಚಿತವಾಗಿ ಸಿಗದಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು, ಇಲ್ಲವೇ ಪಿತ್ತಕೋಶದ ಸ್ವಲ್ಪ ಭಾಗವನ್ನು ಅಲ್ಲಿಯೇ ಬಿಟ್ಟು ಬರಬೇಕಾಗಬಹುದು. ಗೊತ್ತಿಲ್ಲದ್ದನ್ನು ನಾನು ಕತ್ತರಿಸುವುದಿಲ್ಲ." ಆ ಕೊನೆಯ ಮಾತಿಗಾಗಿಯೇ ನಾನು ಸಹಿ ಹಾಕಿದೆ.

ಒಂಬತ್ತೂವರೆಗೆ ಒಳಗೆ ಕರೆದೊಯ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಅವಳ ನಂತರ ಪಕ್ಕದ ಕೊಠಡಿಗೆ ಹೋದ ಹುಡುಗನ ಅಪೆಂಡಿಕ್ಸ್ ಮುಗಿದು ಅವನನ್ನು ವಾರ್ಡಿಗೆ ಸಾಗಿಸಿದ್ದೂ ಆಯಿತು. ನನ್ನ ಮಗಳು ಕಾರಿಡಾರಿನಲ್ಲಿ ಅಳುತ್ತಾ ನಿಂತಿದ್ದಳು. ಬಾಗಿಲ ಬಳಿ ಇದ್ದವರನ್ನು ಮೂರು ಸಲ ಕೇಳಿದರೂ "ನಡೆಯುತ್ತಿದೆ" ಎಂಬುದಷ್ಟೇ ಉತ್ತರ. ಇದು ನನ್ನ ಮೊದಲ ದೂರು. ತಡವಾಗುತ್ತದೆ, ಅಪಾಯವೇನಿಲ್ಲ ಎಂದು ಹೇಳಿ ಕಳಿಸಲು ಅರ್ಧ ನಿಮಿಷ ಸಾಕಾಗಿತ್ತು.

ಹನ್ನೆರಡೂ ಮುಕ್ಕಾಲಿಗೆ ಡಾಕ್ಟರಮ್ಮನೇ ಹೊರಗೆ ಬಂದರು. "ಹುಷಾರಾಗಿದ್ದಾರೆ. ಒಂದು ರಕ್ತನಾಳ ಬೇರೆಯೇ ದಾರಿ ಹಿಡಿದಿತ್ತು, ಅದಕ್ಕೆ ತಡವಾಯಿತು. ಸಂಜೆ ಬನ್ನಿ, ತೋರಿಸುತ್ತೇನೆ" ಎಂದರು. ಹಾಗೆ ಹೇಳಿದವರು ನಿಜವಾಗಿ ತೋರಿಸುತ್ತಾರೆಂದು ನಾನು ನಂಬಿರಲಿಲ್ಲ. ಸಂಜೆ ಆರಕ್ಕೆ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿ ತೋರಿಸಿದರು.

ಯಕೃತ್ತಿನಲ್ಲಿ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಾಗುತ್ತದೆ. ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್. ನನ್ನ ಕಣ್ಣಿಗೆ ಅದು ಮುಖ್ಯ ಪೈಪಿನ ಪಕ್ಕಕ್ಕೆ ಜೋಡಿಸಿದ ಸಣ್ಣ ತೊಟ್ಟಿ. ತೊಟ್ಟಿಯನ್ನು ತೆಗೆದರೂ ಹರಿವು ನಿಲ್ಲುವುದಿಲ್ಲ. ಆದರೆ ಕಟ್ಟಬೇಕಾದವು ಎರಡೇ, ಪಿತ್ತಕೋಶದ ನಾಳ ಮತ್ತು ಅದಕ್ಕೆ ರಕ್ತ ತರುವ ಸಣ್ಣ ಅಪಧಮನಿ. ಇವೆರಡನ್ನೂ ಹುಡುಕುವ ಜಾಗಕ್ಕೆ ಫ್ರಾನ್ಸಿನ ವೈದ್ಯರೊಬ್ಬರ ಹೆಸರಿನಲ್ಲಿ ಕ್ಯಾಲೋ ತ್ರಿಕೋನ ಎನ್ನುತ್ತಾರೆ. ವಿಡಿಯೋದಲ್ಲಿ ಹಳದಿ ಕೊಬ್ಬನ್ನು ಎಳೆಎಳೆಯಾಗಿ ಬಿಡಿಸುತ್ತಾ ಹೋದಂತೆ ಆ ಜಾಗದಲ್ಲಿ ಒಂದು ದಪ್ಪ ನಾಳ ಗೂನು ಬೆನ್ನಿನಂತೆ ಬಾಗಿ, ಪಿತ್ತಕೋಶದ ಕುತ್ತಿಗೆಗೆ ಒರಗಿಕೊಂಡು ಮಿಡಿಯುತ್ತಿತ್ತು. "ಇದನ್ನೇ ಅಲ್ಲವೇ ಕಟ್ಟುವುದು?" ಎಂದೆ. ಅವರು ವಿಡಿಯೋ ನಿಲ್ಲಿಸಿ, "ಹಾಗೆ ಅಂದುಕೊಂಡು ಕಟ್ಟಿಬಿಟ್ಟರೆ ಯಕೃತ್ತಿನ ಬಲಭಾಗಕ್ಕೆ ರಕ್ತ ಒಯ್ಯುವ ನಾಳವೇ ಮುಚ್ಚಿಹೋಗುತ್ತದೆ" ಎಂದರು. ಅದು ಪಿತ್ತಕೋಶದ ತನಕ ಬಂದು, ಒಳಗೆ ಹೋಗದೆ, ತಿರುಗಿ ಯಕೃತ್ತಿಗೇ ಹೋಗುತ್ತಿತ್ತು. ಇದಕ್ಕೆ ಮೊಯ್ನಿಹನ್ ಗೂನು ಎಂದು ಹೆಸರಿದೆ. ನಿಜವಾಗಿ ಕಟ್ಟಬೇಕಾದ ಅಪಧಮನಿ ಆ ಗೂನಿನ ನೆತ್ತಿಯಿಂದ ಹೊರಟ ಒಂದು ಮೊಟಕು ಕವಲು. ಅದನ್ನು ಎಳೆದು ಹರಿದರೆ ರಕ್ತ ಚಿಮ್ಮಿ ಏನೂ ಕಾಣದಂತಾಗುತ್ತದೆ. ಆ ಗಾಬರಿಯಲ್ಲಿ ನಾಳ ಮುಚ್ಚಲು ಹಾಕಿದ ಕ್ಲಿಪ್ ಮುಖ್ಯ ಪಿತ್ತನಾಳಕ್ಕೇ ಬೀಳಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಕಲ್ಲನ್ನು ತೋರಿಸುತ್ತದೆ. ಇಂಥ ಬಾಗನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ.

ಅವರು ಅನುಸರಿಸಿದ ಕ್ರಮವನ್ನು ಸ್ಟ್ರಾಸ್‌ಬರ್ಗ್ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕರು 1995ರಲ್ಲಿ ವಿವರಿಸಿದ್ದಾರಂತೆ. ತ್ರಿಕೋನದ ಕೊಬ್ಬು, ನಾರು ಎಲ್ಲವನ್ನೂ ಬಿಡಿಸಬೇಕು. ಪಿತ್ತಕೋಶದ ಕೆಳಗಿನ ಮೂರನೆಯ ಒಂದು ಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು. ಪಿತ್ತಕೋಶದೊಳಕ್ಕೆ ಹೋಗುವವು ಎರಡೇ ಎರಡು ಎಂದು ಕಣ್ಣಾರೆ ಕಂಡ ಮೇಲಷ್ಟೇ ಕತ್ತರಿ.

ಇದನ್ನು ಕೇಳುವಾಗ ನನಗೆ ನಮ್ಮೂರ ಶಾಲೆಯ ಪೈಪು ನೆನಪಾಯಿತು. ಹದಿಮೂರು ವರ್ಷಗಳ ಹಿಂದೆ, ಮುಚ್ಚಿದ ನಲ್ಲಿಯೊಂದರ ಕವಲು ಎಂದು ತಿಳಿದು ನಾನೊಂದು ಪೈಪನ್ನು ಕೊಯ್ದೆ. ಅದು ಶಾಲೆಯ ಟ್ಯಾಂಕಿಗೆ ಹೋಗುವ ಸಾಲಾಗಿತ್ತು. ನಕ್ಷೆಯಲ್ಲಿ ಇರಲಿಲ್ಲ, ಹಾಕಿದವರು ಬರೆದಿಡಲಿಲ್ಲ. ಮಕ್ಕಳು ನಾಲ್ಕು ದಿನ ಮನೆಯಿಂದ ನೀರು ಹೊತ್ತು ತಂದರು. ಅಂದಿನಿಂದ ಎರಡೂ ತುದಿಗಳನ್ನು ಅಗೆದು ನೋಡದೆ ನಾನು ಗರಗಸ ಹಿಡಿದಿಲ್ಲ. ಪೈಪಾದರೆ ಮತ್ತೆ ಬೆಸೆಯಬಹುದು. ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರಕ್ಕೆ ಸುಮಾರು 3ರಿಂದ 5 ಮಂದಿಗೆ ಎಂದರು, ಆದರೆ ಆದವರಿಗೆ ಅದರ ರಿಪೇರಿ ಎಂದರೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ.

ಇನ್ನೂ ಏನೇನು ಇರುತ್ತವೆ ಎಂದು ಕೇಳಿದೆ. ಪಿತ್ತಕೋಶದ ತುದಿ ಟೊಪ್ಪಿಗೆಯಂತೆ ಮಡಚಿಕೊಂಡಿರುವುದು ಸಾಮಾನ್ಯ, ಅದರಿಂದ ತೊಂದರೆಯಿಲ್ಲ. ಸುಮಾರು 4,000ಕ್ಕೆ ಒಬ್ಬರಿಗೆ ಪಿತ್ತಕೋಶಗಳೇ ಎರಡು. ಕೆಲವರಿಗೆ ಯಕೃತ್ತಿನಿಂದ ಪಿತ್ತಕೋಶದ ಹಾಸಿನಲ್ಲಿ ಕೂದಲೆಳೆಯಂಥ ನಾಳ ಹಾದಿರುತ್ತದೆ. ಗಮನಿಸದೆ ಹರಿದರೆ ಆಮೇಲೆ ಪಿತ್ತರಸ ಸೋರುತ್ತದೆ. ಹೊಟ್ಟೆಯ ಅಂಗಗಳೆಲ್ಲ ಎಡಬಲ ಅದಲುಬದಲಾಗಿ, ಪಿತ್ತಕೋಶ ಎಡಕ್ಕೆ ಇರುವವರೂ ಇದ್ದಾರೆ.

ಆ ರಾತ್ರಿ ಅವಳಿಗೆ ಹೆಗಲು ನೋಯತೊಡಗಿ ಹೃದಯದ ತೊಂದರೆಯೇನೋ ಎಂದು ಹೆದರಿದೆವು. ಕ್ಯಾಮೆರಾಕ್ಕೆ ಜಾಗವಾಗಲೆಂದು ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುವುದರಿಂದ ಹಾಗಾಗುತ್ತದೆ ಎಂದು ನರ್ಸ್ ತಂಗಿ ತಾಳ್ಮೆಯಿಂದ ತಿಳಿಸಿದಳು. ಮೂರನೆಯ ದಿನ ಮನೆಗೆ ಬಂದೆವು. ಬಿಲ್ಲು ಮೊದಲು ಹೇಳಿದಷ್ಟೇ. ಹೆಚ್ಚಾದ ಎರಡು ಗಂಟೆಗೆ ಒಂದು ರೂಪಾಯಿಯನ್ನೂ ಸೇರಿಸಿರಲಿಲ್ಲ.

ಎರಡನೆಯ ದೂರು ಬಿಡುಗಡೆ ಪತ್ರದ್ದು. ಬಸ್ಸಿನಲ್ಲಿ ಕುಳಿತು ಮಗಳ ಕೈಯಲ್ಲಿ ಓದಿಸಿದರೆ, ಲ್ಯಾಪ್ರೋಸ್ಕೋಪಿಯಿಂದ ಪಿತ್ತಕೋಶ ತೆಗೆಯಲಾಗಿದೆ ಎಂಬ ಒಂದೇ ಸಾಲು. ಗೂನಿನ ಮಾತೇ ಇಲ್ಲ. ಎಲ್ಲರಿಗೂ ಅಚ್ಚು ಹಾಕಿಕೊಡುವ ಕಾಗದ ಅದು. ನಾಳೆ ಅವಳ ಯಕೃತ್ತಿಗೆ ಏನಾದರೂ ಆಗಿ ಬೇರೊಬ್ಬರು ಹೊಟ್ಟೆ ತೆರೆದರೆ ಅವರಿಗೆ ಯಾರು ಹೇಳಬೇಕು? ಹೊಲಿಗೆ ಬಿಚ್ಚಿಸಲು ಹೋದ ದಿನ ಕೌಂಟರಿನಲ್ಲಿ ಕೇಳಿದೆ. ಬದಲಾಯಿಸಲು ಬರುವುದಿಲ್ಲ ಎಂದರು. ಡಾಕ್ಟರಮ್ಮನ ಬಳಿಗೇ ಹೋದೆ. ಅವರು ಓದಿ, "ಇದು ನನ್ನ ತಪ್ಪು" ಎಂದು, ನಾಳ ಎಲ್ಲಿ ಬಾಗಿದೆ, ಕ್ಲಿಪ್ ಎಲ್ಲಿದೆ ಎಂದು ಕೈಯಿಂದಲೇ ಬರೆದು, ಪಕ್ಕದಲ್ಲಿ ಒಂದು ಚಿತ್ರ ಬಿಡಿಸಿ, ಸಹಿ ಹಾಕಿ ಮೊಹರು ಒತ್ತಿಸಿದರು.

ಎಲ್ಲಿ ಮಾಡಿಸಿದರೂ ಆ ಕಾಗದವನ್ನು ಆಸ್ಪತ್ರೆ ಬಿಡುವ ಮೊದಲೇ ಓದಿಸಿ. ವಿಡಿಯೋ ಬೇಕಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಿ, ಪೆನ್‌ಡ್ರೈವ್ ನೀವೇ ಒಯ್ಯಿರಿ.