ಬ್ರಾಹ್ಮಿ: ಪುಡಿಯೋ, ಗಮ್ಮಿಯೋ, ಕ್ಯಾಪ್ಸೂಲೋ? ಎರಡು ವರ್ಷ ಬಳಸಿದ ಮೇಲೆ ನನ್ನ ಅನುಭವ

ನೆನಪಿನ ಶಕ್ತಿಗೆ ಅಂತ ಬ್ರಾಹ್ಮಿ ತೆಗೆದುಕೊಳ್ಳಲು ಶುರು ಮಾಡಿ ಎರಡು ವರ್ಷ ಎರಡು ತಿಂಗಳಾಯಿತು. ಮೊದಲು ಪುಡಿ, ಆಮೇಲೆ ಗಮ್ಮಿ (ಜಗಿದು ತಿನ್ನುವ ಮಿಠಾಯಿಯಂಥದ್ದು), ಮಧ್ಯೆ ಒಂದು ಬಾಟಲಿ ಸಾರಸ್ವತಾರಿಷ್ಟ ಅನ್ನುವ ಬ್ರಾಹ್ಮಿಯ ಆಯುರ್ವೇದ ಟಾನಿಕ್, ಈಗ ಕ್ಯಾಪ್ಸೂಲ್. ಆಫೀಸಿನಲ್ಲಿ, ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಯಾವ ಕಂಪನಿದು ಒಳ್ಳೆಯದು ಅಂತ. ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಅದಕ್ಕೆ ಮೊದಲು ನೋಡಬೇಕಾದ್ದು ಬೇರೆಯೇ ಇದೆ, ಅದನ್ನು ತಿಳಿಯದೆ ನಾನು ಎಂಟು ತಿಂಗಳು ದುಡ್ಡು ಸುರಿದೆ.

ನನಗೆ 51 ವರ್ಷ. ಬೆಂಗಳೂರಿನ ಹನುಮಂತನಗರದಲ್ಲಿ ಮನೆ, ವಿಮಾ ಕಚೇರಿಯಲ್ಲಿ ಕೆಲಸ, ವಾರಕ್ಕೆ ಎರಡು ಸಂಜೆ ಬಸವನಗುಡಿಯಲ್ಲಿ ಸಂಗೀತ ಪಾಠ. ಇದೆಲ್ಲ ಶುರುವಾದದ್ದು ಪಾಠದಿಂದಲೇ. ನಮ್ಮ ಟೀಚರ್ ಪುಸ್ತಕ ನೋಡಿಕೊಂಡು ಹಾಡಲು ಬಿಡುವುದಿಲ್ಲ. ಮೊದಲೆಲ್ಲ ಒಂದು ದೇವರನಾಮ ನಾಲ್ಕೈದು ದಿನದಲ್ಲಿ ಬಾಯಿಗೆ ಬರುತ್ತಿತ್ತು. ಆಮೇಲಾಮೇಲೆ ಹತ್ತು ಹನ್ನೊಂದು ದಿನ ಆದರೂ ಎರಡನೇ ಚರಣಕ್ಕೆ ಬಂದ ಕೂಡಲೇ ನಾಲಿಗೆ ನಿಂತುಬಿಡುತ್ತಿತ್ತು, ಪಕ್ಕದಲ್ಲಿ ಕೂತ ಹದಿನಾರರ ಹುಡುಗಿ ಮೆಲ್ಲಗೆ ಪದ ಎತ್ತಿಕೊಡುತ್ತಿದ್ದಳು. ಅದು ನನಗೆ ತುಂಬಾ ನೋವಾಯಿತು. ಅವತ್ತಿಂದ ಡೈರಿಯಲ್ಲಿ ಬರೆದಿಡತೊಡಗಿದೆ, ಯಾವ ಹಾಡು, ಎಷ್ಟು ದಿನಕ್ಕೆ ಬಾಯಿಪಾಠ ಆಯಿತು ಅಂತ. ಕೆಳಗೆ ಹೇಳುವ ಲೆಕ್ಕ ಎಲ್ಲ ಆ ಡೈರಿಯದ್ದು.

ಮೊದಲು ಹೋದದ್ದು ಗಾಂಧಿ ಬಜಾರಿನ ಒಂದು ಗ್ರಂಧಿಗೆ ಅಂಗಡಿಗೆ. ಬ್ರಾಹ್ಮಿ ಪುಡಿ ಕೊಡಿ ಅಂದೆ. ಅಂಗಡಿಯವರು "ಯಾವ ಬ್ರಾಹ್ಮಿ ಬೇಕಮ್ಮಾ?" ಅಂತ ಕೇಳಿದರು. ನನಗೆ ಗೊತ್ತಿದ್ದದ್ದು ಒಂದೇ ಬ್ರಾಹ್ಮಿ. ಅವರೇ ವಿವರಿಸಿದರು: ನಮ್ಮ ಕಡೆ ಜನ ಒಂದೆಲಗವನ್ನೂ ಬ್ರಾಹ್ಮಿ ಅಂತಾರೆ, ಆದರೆ ನೀರುಬ್ರಾಹ್ಮಿ ಬೇರೆ ಗಿಡ. ಒಂದೆಲಗದ್ದು ದುಂಡನೆಯ ಎಲೆ, ನೆಲದ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತದೆ. ನೀರುಬ್ರಾಹ್ಮಿದು ಪುಟ್ಟ ದಪ್ಪ ಎಲೆ, ಒದ್ದೆ ಜಾಗದಲ್ಲಿ ಬೆಳೆಯುತ್ತದೆ. ಆಯುರ್ವೇದದ ಅಧಿಕೃತ ಪಟ್ಟಿಯಲ್ಲಿ ಬ್ರಾಹ್ಮಿ ಅಂದರೆ ಬಕೋಪಾ ಮೊನ್ನಿಯೆರಿ, ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಅನ್ನುವ ಹೆಸರಿದೆ, ಸಸ್ಯಶಾಸ್ತ್ರದಲ್ಲಿ ಅದು ಸೆಂಟೆಲ್ಲಾ ಏಷಿಯಾಟಿಕಾ. ಎರಡೂ ನೆನಪಿಗೆ ಒಳ್ಳೆಯದು ಅಂತಲೇ ಹಳಬರು ಹೇಳುತ್ತಾ ಬಂದಿದ್ದಾರೆ, ಆದರೆ ನೆನಪಿನ ಶಕ್ತಿಯ ಬಗ್ಗೆ ಮನುಷ್ಯರ ಮೇಲೆ ಹೆಚ್ಚು ಪರೀಕ್ಷೆ ನಡೆದಿರುವುದು ಬಕೋಪಾದ ಮೇಲೆ. ಹಾಗಾಗಿ ಡಬ್ಬಿಯ ಮುಂದೆ ದೊಡ್ಡದಾಗಿ ಬರೆದ "ಬ್ರಾಹ್ಮಿ" ಸಾಲದು. ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಗಿಡದ ಹೆಸರು ಓದಲೇಬೇಕು.

ಪುಡಿ ತಂದೆ. 100 ಗ್ರಾಂಗೆ 110 ರೂಪಾಯಿ, ತುಂಬಾ ಅಗ್ಗ. ಬೆಳಿಗ್ಗೆ ಒಂದು ಚಮಚ ಬಿಸಿ ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದೆ. ಕಹಿ ಅಂದರೆ ಕಹಿ. ಎಷ್ಟು ಕದಡಿದರೂ ಗಂಟು ಉಳಿಯುತ್ತದೆ, ಲೋಟದ ತಳದಲ್ಲಿ ಅರ್ಧ ಪುಡಿ ಹಾಗೇ ಕೂತಿರುತ್ತದೆ, ಅಂದರೆ ದಿನಾ ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಎರಡನೇ ವಾರದಿಂದ ಹೊಟ್ಟೆ ತೊಳಸುವುದು, ಬೇಗ ಬೇಗ ಬಾತ್‌ರೂಮಿಗೆ ಓಡುವುದು ಶುರುವಾಯಿತು. ಬಕೋಪಾದಿಂದ ಹೀಗಾಗುವುದು ಸಾಮಾನ್ಯ, ಬರೀ ಹೊಟ್ಟೆಯಲ್ಲಿ ತೆಗೆದುಕೊಂಡರೆ ಇನ್ನೂ ಜಾಸ್ತಿ. ಊಟದ ಜೊತೆಗೆ ಬದಲಾಯಿಸಿಕೊಂಡ ಮೇಲೆ ನಿಂತಿತು. ಆದರೆ ಊಟದ ಹೊತ್ತಲ್ಲಿ ಹಾಲು ಕಾಯಿಸಿ ಪುಡಿ ಕದಡುವಷ್ಟು ಪುರುಸೊತ್ತು ಯಾರಿಗಿದೆ? ವಾರದಲ್ಲಿ ಮೂರು ದಿನ ತಪ್ಪಿಹೋಗುತ್ತಿತ್ತು. ಜೂನ್ ಮಳೆಗೆ ಡಬ್ಬಿ ಒಳಗೆ ಪುಡಿ ಹೆಪ್ಪುಗಟ್ಟಿತು, ಬಿಸಾಡಿದೆ.

ಆಮೇಲೆ ಗಮ್ಮಿ. ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದೆ, ತಿಂಗಳಿಗೆ 599 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ರುಚಿ ಚೆನ್ನಾಗಿದೆ, ಒಂದು ದಿನವೂ ತಪ್ಪಲಿಲ್ಲ. ಅದು ಸಣ್ಣ ವಿಷಯ ಅಲ್ಲ, ತಪ್ಪದೆ ತೆಗೆದುಕೊಳ್ಳುವುದೇ ಅರ್ಧ ಕೆಲಸ. ಆರು ತಿಂಗಳು ತಿಂದೆ. ಏಪ್ರಿಲ್‌ನಲ್ಲಿ ಬಂದ ಡಬ್ಬಿ ಬಿಸಿಲಿಗೆ ಕರಗಿ ಒಂದೇ ಮುದ್ದೆ ಆಗಿತ್ತು, ಬದಲಿಸಿ ಕೊಡಿ ಅಂದರೆ ಹನ್ನೆರಡು ದಿನ ಉತ್ತರವೇ ಇಲ್ಲ, ಅಷ್ಟರಲ್ಲಿ ಮುಂದಿನ ತಿಂಗಳ ದುಡ್ಡು ತಾನಾಗೇ ಕಟ್ ಆಗಿತ್ತು. ಸಿಟ್ಟು ಬಂದು ಅವತ್ತೇ ಮೊದಲ ಸಲ ಲೇಬಲ್ ಪೂರ್ತಿ ಓದಿದೆ.

ಎರಡು ಗಮ್ಮಿಗೆ ಸೇರಿ ಬ್ರಾಹ್ಮಿ ಸಾರ 50 ಮಿಲಿಗ್ರಾಂ. ಸಕ್ಕರೆ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಚಮಚ.

ಬಕೋಪಾ ಮೇಲೆ ನಡೆದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ದಿನಕ್ಕೆ 300 ಮಿಲಿಗ್ರಾಂ ಸಾರ, ಅದೂ 12 ವಾರ ಬಿಡದೆ. ಆ 300 ಮುಟ್ಟಬೇಕಾದರೆ ನಾನು ದಿನಕ್ಕೆ ಹನ್ನೆರಡು ಗಮ್ಮಿ ತಿನ್ನಬೇಕಿತ್ತು, ಆರು ಚಮಚ ಸಕ್ಕರೆ ಸಮೇತ. ಆರು ತಿಂಗಳು ನಾನು ತಿಂದದ್ದು ಬ್ರಾಹ್ಮಿಯ ಹೆಸರಿನ ಮಿಠಾಯಿ. ಡೈರಿಯಲ್ಲೂ ಅದೇ ಇದೆ: ಹತ್ತು ದಿನ, ಹನ್ನೊಂದು ದಿನ, ಹತ್ತು ದಿನ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಪುಡಿ ಬೇರೆ, ಸಾರ ಬೇರೆ. ಪುಡಿ ಅಂದರೆ ಒಣಗಿಸಿ ಕುಟ್ಟಿದ ಗಿಡ. ಸಾರ ಅಂದರೆ ಗಿಡದೊಳಗಿನ ಅಂಶವನ್ನು ಇಳಿಸಿ ಗಟ್ಟಿ ಮಾಡಿದ್ದು, ಇಂಗ್ಲಿಷಿನಲ್ಲಿ ಎಕ್ಸ್‌ಟ್ರಾಕ್ಟ್ ಅಂತ ಬರೆದಿರುತ್ತಾರೆ. 500 ಮಿಲಿಗ್ರಾಂ ಪುಡಿ ತುಂಬಿದ ಕ್ಯಾಪ್ಸೂಲೂ 500 ಮಿಲಿಗ್ರಾಂ ಸಾರ ತುಂಬಿದ ಕ್ಯಾಪ್ಸೂಲೂ ಒಂದೇ ಅಲ್ಲ. ಸಾರದಲ್ಲೂ ಬಕೋಸೈಡ್, ಅಂದರೆ ಬಕೋಪಾದ ಮುಖ್ಯ ಅಂಶ, ಶೇಕಡಾ ಎಷ್ಟು ಅಂತ ಬರೆದಿದ್ದರೆ ಮಾತ್ರ ಒಂದು ಕಂಪನಿಯದ್ದನ್ನು ಇನ್ನೊಂದರ ಜೊತೆ ಹೋಲಿಸಬಹುದು. ಬರೆದಿಲ್ಲ ಅಂದರೆ ನಾನು ಕೊಳ್ಳುವುದಿಲ್ಲ.

ಮಧ್ಯೆ ಓರಗಿತ್ತಿ ಹೇಳಿದಳು ಅಂತ ಸಾರಸ್ವತಾರಿಷ್ಟ ತಂದಿದ್ದೆ. ಊಟ ಆದ ಮೇಲೆ ಸಮ ನೀರು ಬೆರೆಸಿ ಕುಡಿಯುವುದು, ರುಚಿ ಕೆಟ್ಟದೇನಲ್ಲ. ಆದರೆ ಅರಿಷ್ಟ ಅಂದರೆ ಹುದುಗಿಸಿ ಮಾಡುವುದು, ಅದರಲ್ಲಿ ತಾನಾಗಿ ಹುಟ್ಟುವ ಆಲ್ಕೋಹಾಲ್ ಇರುತ್ತದೆ, ಸಿಹಿಯೂ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಲಿವರ್ ತೊಂದರೆ ಇರುವವರು ಸುಮ್ನೆ ತಂದು ಕುಡಿಯಬೇಡಿ. ನಾನು ಒಂದು ಬಾಟಲಿಗೆ ನಿಲ್ಲಿಸಿದೆ. ಬಾಟಲಿಯನ್ನು ಆಫೀಸಿಗೂ ಊರಿಗೂ ಹೊತ್ತುಕೊಂಡು ಓಡಾಡುವುದು ಆಗದ ಕೆಲಸ.

ಈಗ ಮುಖ್ಯ ವಿಷಯ. ಗಮ್ಮಿ ಬಿಟ್ಟ ಹೊತ್ತಲ್ಲೇ ನನಗೆ ಪಾದ ಜುಮುಜುಮು ಅನ್ನುತ್ತಿತ್ತು. ನಮ್ಮ ಮನೆಯ ಡಾಕ್ಟರ್ ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಥೈರಾಯ್ಡ್ ಸರಿ ಇತ್ತು, ವಿಟಮಿನ್ ಬಿ12 ಮಾತ್ರ 146. ಲ್ಯಾಬಿನ ಪಟ್ಟಿಯಲ್ಲಿ ಕನಿಷ್ಠವೇ 200ರ ಆಸುಪಾಸು. "ಮರೆವಿಗೆ ಬ್ರಾಹ್ಮಿ ಹುಡುಕುವ ಮೊದಲು ಇದನ್ನು ನೋಡಬೇಕಿತ್ತಮ್ಮ" ಅಂದರು. ಬಿ12 ಗಿಡಗಳಲ್ಲಿ ಸಿಗುವುದಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ, ನಾನು ಮೊಸರು ಬಿಟ್ಟು ವರ್ಷಗಳಾಗಿದ್ದವು. ಜೊತೆಗೆ ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದೆ, ಅದೂ ಬಿ12 ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಹಾಗೆಯೇ. ಬಿ12 ಕಡಿಮೆಯಾದರೆ ಕೈಕಾಲು ಜುಮುಗುಡುವುದು, ಸುಸ್ತು, ಮರೆವು ಎಲ್ಲ ಬರುತ್ತದೆ.

ಬಿ12ರಲ್ಲೂ ಬಗೆಬಗೆ ಇವೆ ಅಲ್ವಾ, ಇಂಜೆಕ್ಷನ್, ನುಂಗುವ ಮಾತ್ರೆ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ, ಬಾಯಿಗೆ ಚಿಮುಕಿಸುವ ಸ್ಪ್ರೇ. ಡಾಕ್ಟರ್ ಮೊದಲು ಕೆಲವು ಇಂಜೆಕ್ಷನ್ ಕೊಟ್ಟರು, ಆಮೇಲೆ ನುಂಗುವ ಮಾತ್ರೆ. ಸ್ಪ್ರೇ ತರಲಾ ಅಂತ ಕೇಳಿದೆ, ಬೇಡ ಅಂದರು. ದೊಡ್ಡ ಪ್ರಮಾಣದ ಮಾತ್ರೆ ನುಂಗಿದರೆ ಅದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತಾನಾಗಿಯೇ ರಕ್ತಕ್ಕೆ ಸೇರುತ್ತದೆ. 1000 ಮೈಕ್ರೋಗ್ರಾಂಗೆ ಅದು 10 ಆಯಿತು, ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಹಾಗಾಗಿ ದುಬಾರಿ ಸ್ಪ್ರೇಯ ಅಗತ್ಯ ನನಗಂತೂ ಕಾಣಲಿಲ್ಲ. ಜನೌಷಧಿ ಕೇಂದ್ರದ ಮಾತ್ರೆಯೇ ತೆಗೆದುಕೊಳ್ಳುತ್ತಿದ್ದೇನೆ.

ಮೂರು ತಿಂಗಳು ಬ್ರಾಹ್ಮಿ ಮುಟ್ಟಲಿಲ್ಲ, ಬೇಕೆಂದೇ. ಬಿ12 ಏರಿದ ಮೇಲೆ ಏನಾಗುತ್ತದೆ ನೋಡೋಣ ಅಂತ. ಡೈರಿಯಲ್ಲಿ ಹನ್ನೊಂದು ಇದ್ದದ್ದು ಎಂಟಾಯಿತು, ಆಮೇಲೆ ಆರಕ್ಕೆ ನಿಂತಿತು. ಪಾದದ ಜುಮುಜುಮು ಹೋಯಿತು.

ಅದಾದ ಮೇಲೆ ಡಾಕ್ಟರನ್ನು ಕೇಳಿಯೇ ಕ್ಯಾಪ್ಸೂಲ್ ಶುರು ಮಾಡಿದೆ. 300 ಮಿಲಿಗ್ರಾಂ ಸಾರ, ಬಕೋಸೈಡ್ ಶೇಕಡಾ 50, ಹಸಿರು ಚುಕ್ಕಿ ಇರುವ ಸಸ್ಯಾಹಾರಿ ಕವಚ, 60 ಕ್ಯಾಪ್ಸೂಲಿಗೆ 480 ರೂಪಾಯಿ. ರಾತ್ರಿ ಊಟದ ತಟ್ಟೆಯ ಪಕ್ಕ ಇಟ್ಟುಕೊಂಡಿರುತ್ತೇನೆ, ಸಾರಿನ ಅನ್ನ ಮುಗಿದು ಮಜ್ಜಿಗೆ ಅನ್ನಕ್ಕೆ ಬರುವಾಗ ನುಂಗುತ್ತೇನೆ. ಹೊಟ್ಟೆ ತೊಂದರೆ ಇಲ್ಲ, ರುಚಿ ಇಲ್ಲ, ತಪ್ಪುವುದು ತಿಂಗಳಿಗೆ ಒಂದೋ ಎರಡೋ ದಿನ. ಮೊದಲ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಈಗ ಒಂದು ದೇವರನಾಮಕ್ಕೆ ಐದು ದಿನ ಸಾಕು. ಆರರಿಂದ ಐದು, ಒಂದು ದಿನದ ವ್ಯತ್ಯಾಸ, ಅದು ಬ್ರಾಹ್ಮಿಯಿಂದಲೋ ಅಭ್ಯಾಸದಿಂದಲೋ ನಾನು ಆಣೆ ಮಾಡಿ ಹೇಳಲಾರೆ. ನನಗೆ ಕಂಡ ಲಾಭ ಬೇರೆ ಕಡೆ ಇದೆ: ಕಲಿತದ್ದು ಉಳಿಯುತ್ತಿದೆ. ಎರಡು ತಿಂಗಳ ಹಿಂದಿನ ಹಾಡನ್ನು ಟೀಚರ್ ಥಟ್ಟನೆ ಹೇಳಿ ಅಂದರೂ ಚರಣ ಬರುತ್ತದೆ. ಆ ಕಾರಣಕ್ಕೆ ಮುಂದುವರಿಸಿದ್ದೇನೆ.

ನೆನಪಿಗೆ ಅಂತ ಒಮೆಗಾ-3 ಬಗ್ಗೆಯೂ ಕೇಳುತ್ತಾರೆ, ನಾನು ಬಳಸಿಲ್ಲ, ನಮ್ಮೆಜಮಾನರು ಬಳಸುತ್ತಾರೆ. ಅಲ್ಲೂ ಅದೇ ಲೇಬಲ್ ಕಥೆ. ಮೀನೆಣ್ಣೆ 1000 ಮಿಲಿಗ್ರಾಂ ಅಂತ ಮುಂದೆ ದೊಡ್ಡದಾಗಿ ಇರುತ್ತದೆ, ಹಿಂದೆ ತಿರುಗಿಸಿದರೆ ಸಾಧಾರಣ ಕ್ಯಾಪ್ಸೂಲಿನಲ್ಲಿ ಒಮೆಗಾ-3ಯ ಮುಖ್ಯ ಬಗೆಗಳಾದ ಇಪಿಎ 180, ಡಿಎಚ್‌ಎ 120, ಉಳಿದದ್ದು ಬೇರೆ ಎಣ್ಣೆ. ಮೀನು ಬೇಡ ಅನ್ನುವವರಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ, ಬೆಲೆ ಜಾಸ್ತಿ. ಅಗಸೆ ಬೀಜ ಒಳ್ಳೆಯದೇ, ಆದರೆ ಅದರ ಒಮೆಗಾ-3ಯಲ್ಲಿ ಡಿಎಚ್‌ಎ ಆಗಿ ಬದಲಾಗುವುದು ತುಂಬಾ ಕಡಿಮೆ.

ಗಿಂಕ್ಗೋ ಅಂತ ನೆನಪಿಗೆ ಮಾರುವ ಇನ್ನೊಂದು ಗಿಡದ ಸಾರ ಇದೆ, ಅದರ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮಾವನವರಿಗೆ 78, ರಕ್ತ ತೆಳುವಾಗಿಸುವ ಮಾತ್ರೆ ಇದೆ. ನೆಂಟರೊಬ್ಬರು ಪ್ರೀತಿಯಿಂದ ಗಿಂಕ್ಗೋ ಡಬ್ಬಿ ತಂದುಕೊಟ್ಟರು, ನಾನು ತೆರೆಯಲು ಬಿಡಲಿಲ್ಲ. ಆ ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಷ್ಟು ಅಪಾಯ ಹೊತ್ತು ಸಿಗುವುದೇನು? ಅಮೆರಿಕದಲ್ಲಿ 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಸುಮಾರು ಆರು ವರ್ಷ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು, ಗಿಂಕ್ಗೋದಿಂದ ಡಿಮೆನ್ಷಿಯಾ, ಅಂದರೆ ವಯಸ್ಸಾದವರ ಮರೆವಿನ ಕಾಯಿಲೆ, ತಡೆಯಲು ಆಗಲಿಲ್ಲ. ಬ್ರಾಹ್ಮಿಯನ್ನೂ ಥೈರಾಯ್ಡ್ ಮಾತ್ರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಮನೆಯ ಹಿರಿಯರಿಗೆ ಇದ್ದಕ್ಕಿದ್ದಂತೆ ಮರೆವು ಜಾಸ್ತಿ ಆದರೆ ಡಬ್ಬಿ ಹುಡುಕುತ್ತಾ ತಿಂಗಳು ಕಳೆಯದೆ ಮೊದಲು ತೋರಿಸಿ, ನಮ್ಮೂರಲ್ಲೇ ನಿಮ್ಹಾನ್ಸ್ ಇದೆ.

ಓರಗಿತ್ತಿ ಉಡುಪಿ ಕಡೆಯವಳು. ಅವಳ ಮನೆಯಲ್ಲಿ ಒಂದೆಲಗಕ್ಕೆ ತಿಮರೆ ಅನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ಬೇರು ಸಮೇತ ಒಂದು ಹಿಡಿ ತಂದುಕೊಟ್ಟಳು, ಬಾಲ್ಕನಿಯ ಕುಂಡದಲ್ಲಿ ಹಬ್ಬಿದೆ. ವಾರಕ್ಕೊಮ್ಮೆ ಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಹಾಕಿ ತಂಬುಳಿ ಮಾಡುತ್ತೇನೆ. ಅದನ್ನು ಔಷಧ ಅಂತ ಲೆಕ್ಕಕ್ಕೆ ಹಿಡಿದಿಲ್ಲ, ಡೈರಿಯಲ್ಲೂ ಬರೆಯುವುದಿಲ್ಲ. ಮಾವನವರಿಗೆ ಅದು ತುಂಬಾ ಇಷ್ಟ, ಅನ್ನಕ್ಕೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ.