ಟೆಕ್ನಿಕಲ್ ಹೈಸ್ಕೂಲಿನ ಹುಡುಗನಿಗೆ ಯಾವ ಸಂಗೀತ? ಹಾಡು, ಕೀಬೋರ್ಡ್, ಚೆಂಡೆ: ಮೂರನ್ನೂ ಮಾಡಿಸಿ ನೋಡಿದ ಮೇಲೆ

ಕಾಸರಗೋಡಿನಲ್ಲಿ ಟೆಕ್ನಿಕಲ್ ಹೈಸ್ಕೂಲಿಗೆ ಮಕ್ಕಳನ್ನು ಸೇರಿಸುವವರು ಟ್ರೇಡ್ ಯಾವುದು, ಮುಂದೆ ಪಾಲಿಟೆಕ್ನಿಕ್ ಸಿಗುತ್ತದಾ ಎಂದೆಲ್ಲ ವಿಚಾರಿಸುತ್ತಾರೆ. ಸಂಗೀತದ ಸುದ್ದಿ ಯಾರೂ ಎತ್ತುವುದಿಲ್ಲ. ಎಂಟರಿಂದ ಹತ್ತರವರೆಗೆ ಮೂರೇ ವರ್ಷ. ಮಾಮೂಲಿ ಪಾಠದ ಮೇಲೆ ಡ್ರಾಯಿಂಗ್, ವರ್ಕ್‌ಶಾಪ್ ಬೇರೆ. ಪಾಠ ಇಂಗ್ಲಿಷ್, ಗೆಳೆಯರ ಹತ್ತಿರ ಮಲಯಾಳ, ಮನೆಗೆ ಬಂದರೆ ಕನ್ನಡ. ಇದರ ನಡುವೆ ನಮ್ಮ ಮಗನಿಗೆ ಮೂರು ಬಗೆಯ ಕ್ಲಾಸು ಮಾಡಿಸಿದೆವು.

ಮೊದಲು ಕರ್ನಾಟಕ ಸಂಗೀತ. ಖರ್ಚು ಎಲ್ಲಕ್ಕಿಂತ ಕಡಿಮೆ. ಒಂದು ನೋಟ್‌ಬುಕ್ಕು, ಮೊಬೈಲಿನಲ್ಲಿ ಶ್ರುತಿ ಇದ್ದರೆ ಸಾಕು. ಮಾಯಾಮಾಳವಗೌಳ ರಾಗದಲ್ಲಿ ಆರಂಭದ ಸ್ವರಪಾಠಗಳು: ಸರಳೆ ವರಸೆ, ಆಮೇಲೆ ಜಂಟಿ, ಅಲಂಕಾರ. ಕ್ರಮ ಚೆನ್ನಾಗಿಯೇ ಇತ್ತು. ಆದರೆ ಎಂಟು-ಒಂಬತ್ತನೇ ಕ್ಲಾಸು ಅಂದರೆ ಹುಡುಗರ ಸ್ವರ ಒಡೆಯುವ ಹೊತ್ತು, ಅಲ್ವಾ? ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಶ್ರುತಿ. ಹುಡುಗಿಯರಿಗೆ ಐದು, ಐದೂವರೆ ಮನೆಯ ಎತ್ತರದ ಶ್ರುತಿ ಹಿತವಾಗಿತ್ತು. ಒಡೆದ ಗಂಟಲಿಗೆ ಒಂದು, ಒಂದೂವರೆಯ ತಗ್ಗಿನ ಶ್ರುತಿ ಬೇಕು. ಮೇಲಿನ ಷಡ್ಜ ಬಂದಾಗಲೆಲ್ಲ ಇವನು ಬಾಯಿ ಮಾತ್ರ ಆಡಿಸುತ್ತಿದ್ದ. ಅದೇ ಕ್ಲಾಸಿಗೆ ಹೋಗುತ್ತಿದ್ದ ಪಕ್ಕದ ಮನೆಯ ಹುಡುಗಿ ಈಗ ಗೀತೆ ದಾಟಿ ಮುಂದಿನ ಹಂತವಾದ ವರ್ಣಕ್ಕೆ ಬಂದಿದ್ದಾಳೆ. ಹಾಗಾಗಿ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ. ಹುಡುಗರಿಗಾದರೆ, ತಗ್ಗಿನ ಶ್ರುತಿಯಲ್ಲಿ ಬೇರೆ ಕೂರಿಸುತ್ತಾರಾ ಎಂದು ಮೊದಲೇ ಕೇಳಿ.

ಕೀಬೋರ್ಡಿನದು ಬೇರೆ ಕತೆ. ಗಂಟಲಿನ ತಕರಾರಿಲ್ಲ, ಹೆಡ್‌ಫೋನ್ ಹಾಕಿದರೆ ರಾತ್ರಿಯೂ ಅಭ್ಯಾಸ ಮಾಡಬಹುದು. ಒಂದು ಎ ಸ್ವರ 440 ಹರ್ಟ್ಸ್ ಆದರೆ ಅದರ ಮೇಲಿನ ಎ 880 ಅನ್ನುವುದು ಎಲೆಕ್ಟ್ರಾನಿಕ್ಸ್ ಟ್ರೇಡಿನ ನಮ್ಮ ಹುಡುಗನಿಗೆ ಎಲ್ಲಿಲ್ಲದ ಖುಷಿ ಕೊಟ್ಟಿತು. ಆದರೆ 61 ಕೀಲಿಯ ಆ ಪೆಟ್ಟಿಗೆಗೆ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ. ತೋಡಿ ರಾಗದ ಓಲಾಡುವ ಗಾಂಧಾರ ಸ್ವರವನ್ನು ಕೀಲಿ ಒತ್ತಿ ನುಡಿಸಿದರೆ ಅದು ತೋಡಿ ಅನ್ನಿಸುವುದೇ ಇಲ್ಲ. ನಾವು ಸೇರಿಸಿದ ಕಡೆ ಕೀಲಿಗಳಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿದ್ದರು. ಅದನ್ನು ನೋಡಿಕೊಂಡು ಒಂದು ಸಿನಿಮಾ ಹಾಡು ಕಲಿತ, ಸ್ಟಿಕ್ಕರ್ ಕಿತ್ತ ದಿನ ಅದೂ ಹೋಯಿತು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಕಟ್ಟಿಸುವ ಕ್ಲಾಸಾದರೆ ಶಿಸ್ತು ಇರುತ್ತದೆ, ನಿಜ. ಫೀಸೂ ಹಾಗೇ ಇರುತ್ತದೆ.

ಕೊನೆಗೆ ಯಕ್ಷಗಾನದ ಚೆಂಡೆ-ಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿದ್ದೂ ಇದು ನಮಗೆ ಕೊನೆಗೆ ಹೊಳೆಯಿತು! ಮಾಷ್ಟ್ರು ಚೆಂಡೆ ಮುಟ್ಟಲು ಬಿಡಲೇ ಇಲ್ಲ. ಮೊದಲು ಬಾಯ್ತಾಳ, ಅಂದರೆ ಬಡಿತವನ್ನು ಬಾಯಲ್ಲೇ ಹೇಳುವುದು, ಆಮೇಲೆ ಮರದ ತುಂಡಿನ ಮೇಲೆ ಕೋಲು. ಆ ತುಂಡನ್ನು ಮಗನೇ ಮಾಡಿದ. ಹಲಸಿನ ಹಲಗೆ ತಂದು ಅಂಚು ಹತ್ತರಿ ಹೊಡೆದು, ಅಲುಗಾಡದ ಹಾಗೆ ಅಡಿಗೆ ಹಳೇ ಟ್ಯೂಬಿನ ರಬ್ಬರು ಅಂಟಿಸಿದ. ವರ್ಕ್‌ಶಾಪಿನಲ್ಲಿ ಅರ ಹಿಡಿದ ಕೈ ಕೋಲಿಗೆ ಬೇಗ ಒಗ್ಗಿತು ಎಂದು ನನ್ನ ಲೆಕ್ಕ. ಮಾಷ್ಟ್ರು ಒಪ್ಪುವುದಿಲ್ಲ. "ಮಣಿಕಟ್ಟು ಇನ್ನೂ ಸಡಿಲ ಆಗ್ಬೇಕು" ಅನ್ನುತ್ತಾರೆ. ಏಕ, ರೂಪಕ, ತ್ರಿವುಡೆ ತಾಳ ಬಾಯಿಗೆ ಬಂದ ಮೇಲೆ ಯಕ್ಷಗಾನದ ಆಟ ನೋಡುವ ಕ್ರಮವೇ ಬದಲಾಯಿತು. ಮುಂಚೆ ವೇಷ ನೋಡುತ್ತಿದ್ದವನು ಈಗ ಹಾಡುವ, ಬಾರಿಸುವ ಹಿಮ್ಮೇಳದ ಪಕ್ಕದಲ್ಲೇ ಕೂರುತ್ತಾನೆ.

ತೊಂದರೆ ಇಲ್ಲವೇ? ಇದೆ. ಯಕ್ಷಗಾನ ಮೇಳದಲ್ಲಿರುವ ಕಲಾವಿದರು ಬಿಡುವಾಗುವುದು ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಗೆ. ಜೂನಿನಲ್ಲಿ ಶಾಲೆಯೂ ಶುರು, ಕ್ಲಾಸೂ ಶುರು, ಮಳೆಯೂ ಶುರು. ತೇವಕ್ಕೆ ಚರ್ಮ ಸಡಿಲವಾಗಿ ಮದ್ದಳೆ ಶ್ರುತಿಗೆ ನಿಲ್ಲುವುದಿಲ್ಲ. ಅರ್ಧ ಕ್ಲಾಸು ಕಾಯಿಸುವುದರಲ್ಲೇ ಹೋಗುತ್ತದೆ. ದೀಪಾವಳಿ ಕಳೆದರೆ ಮಾಷ್ಟ್ರು ಮತ್ತೆ ಮೇಳದ ತಿರುಗಾಟಕ್ಕೆ. ಮೇಳಕ್ಕೆ ಹೋಗದ ಗುರುಗಳು ಸಿಕ್ಕಿದರೆ ಪುಣ್ಯ. ಮನೆ ಹತ್ತಿರ ಹತ್ತಿರ ಇರುವವರಿಗೆ ಸದ್ದಿನದ್ದೂ ಒಂದು ಸಮಸ್ಯೆ.

ನಮ್ಮ ಮಟ್ಟಿಗೆ ಚೆಂಡೆಯೇ ಸರಿ. ಮಾರ್ಚಿನ ಪರೀಕ್ಷೆಯ ಹೊತ್ತಿಗೆ ಮಾಷ್ಟ್ರು ಹೇಗೂ ಊರಲ್ಲಿರುವುದಿಲ್ಲ, ಹಲಗೆಯ ಮೇಲೆ ಸ್ವಲ್ಪ ಬಡಿದರೆ ಕೈ ಬಿಟ್ಟುಹೋಗುವುದಿಲ್ಲ. ಕಲೋತ್ಸವದ ಆಸೆಯಿಂದ ಸೇರಿಸುವವರು ಒಂದು ವಿಷಯ ನೋಡಿಕೊಳ್ಳಿ: ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆ ಇದೆ, ಆದರೆ ಟೆಕ್ನಿಕಲ್ ಹೈಸ್ಕೂಲುಗಳ ಕಲೋತ್ಸವ ಬೇರೆಯೇ ನಡೆಯುತ್ತದೆ. ಅಲ್ಲಿನ ಪಟ್ಟಿಯನ್ನು ಶಾಲೆಯಲ್ಲಿ ಕೇಳಿಯೇ ಮುಂದುವರಿಯಿರಿ.