ಸಕಲೇಶಪುರದ ಕಡೆ ‘ಬಿಗಿನರ್ ಟ್ರೇಲ್’ ಬುಕ್ ಮಾಡೋ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ನಲವತ್ತೆರಡು ವರ್ಷದ ಮನುಷ್ಯ, ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಿದ್ದನ್ನು ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವವನು, ಒಂದು ವಾಟ್ಸಾಪ್ ಪೋಸ್ಟರ್ ನಂಬಿ ಅಕ್ಕನ ಮಗನನ್ನು ಮೌಂಟನ್ ಬೈಕಿಂಗ್‌ಗೆ, ಅಂದರೆ ಕಾಡಿನ ದಾರಿಯಲ್ಲಿ ಸೈಕಲ್ ಓಡಿಸೋಕೆ, ಕರೆದುಕೊಂಡು ಹೋದೆ. ಅವನಿಗೆ ಹದಿನಾಲ್ಕು. ಅವನ ಬಲಗೈ ಈಗ ಪ್ಲಾಸ್ಟರ್‌ನಲ್ಲಿದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಅದೇ ಪೋಸ್ಟರ್ ನಿನ್ನೆ ಇನ್ನೊಂದು ಗ್ರೂಪ್‌ನಲ್ಲಿ ಕಾಣಿಸಿತು. ತಾರೀಕು ಮಾತ್ರ ಬದಲಾಗಿದೆ.

ಪೋಸ್ಟರ್‌ನಲ್ಲಿ ಮೂರು ಬಣ್ಣ. ಹಸಿರು ಬಿಗಿನರ್‌ಗಳಿಗೆ ಮತ್ತು ಮಕ್ಕಳಿಗೆ, 2,800 ರೂಪಾಯಿ. ನೀಲಿ ಸ್ವಲ್ಪ ಅಭ್ಯಾಸ ಇರುವವರಿಗೆ, 3,600. ಕೆಂಪು ಪಳಗಿದವರಿಗೆ, 4,500. ‘ಮೂರು ಲೆವೆಲ್, ಮೂರು ಟ್ರೇಲ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಯಾರು ಅಂತ ಹೆಸರು ಹಾಕೋದಿಲ್ಲ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್, ಅರ್ಧ ದುಡ್ಡು ಮುಂಗಡ ಫೋನ್‌ಪೇ, ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ, ಒಂದು ಸಹಿ ಹಾಕಿದ ಫಾರಂ. ಎಲ್ಲರೂ ಮಾಡೋ ಹಾಗೆಯೇ. ಅನುಮಾನ ಬರುವಂಥದ್ದು ಏನೂ ಇರಲಿಲ್ಲ.

ಬುಕ್ ಮಾಡೋ ಮುಂಚೆ ಫೋನ್ ಮಾಡಿ ಬಿಡಿಸಿ ಕೇಳಿದ್ದೆ. ಹುಡುಗ ಯಲಹಂಕದ ಆಚೆ ಅವಲಹಳ್ಳಿಯ ಮಣ್ಣು ದಾರಿಯಲ್ಲಿ ನಾಲ್ಕೈದು ಸಲ ಓಡಿಸಿದ್ದಾನೆ ಅಷ್ಟೇ, ಪರವಾಗಿಲ್ವಾ ಅಂತ. ‘ಅಯ್ಯೋ ಸರ್, ಅವಲಹಳ್ಳಿ ಓಡಿಸಿದ್ರೆ ಇದು ನೀರು ಕುಡಿದ ಹಾಗೆ’ ಅಂದರು. ಅರಣ್ಯ ಇಲಾಖೆ ಪರ್ಮಿಷನ್ ಕೇಳಿದೆ. 2024ರ ಜನವರಿಯಲ್ಲಿ ಅಲ್ಲೇ ಪಕ್ಕದ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ, ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು ನೆನಪಿತ್ತು. ‘ಎಲ್ಲಾ ಆಗಿದೆ ಸರ್, ಟೆನ್ಷನ್ ಬಿಡಿ.’ ಚೀಟಿ ತೋರಿಸಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಇದು ನನ್ನ ದಡ್ಡತನ ನಂಬರ್ ಒಂದು.

ಅಕ್ಟೋಬರ್ ಮೊದಲ ವಾರ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಬಿಸಿಲೆ ಘಾಟಿ ಕಡೆಯ ಕಾಡು ನಿಮಗೆ ಗೊತ್ತಲ್ವಾ, ಹತ್ತು ಗಂಟೆಯಾದರೂ ನೆಲಕ್ಕೆ ಬಿಸಿಲು ಬೀಳೋದಿಲ್ಲ. ಬೆಳಿಗ್ಗೆ ಹ್ಯಾಂಡಲ್‌ಗೆ ಬಣ್ಣದ ರಿಬ್ಬನ್ ಕಟ್ಟಿದರು. ನಮಗೆ ಹಸಿರು. ಹಸಿರು ಬ್ಯಾಚ್ ಏಳಕ್ಕೆ, ನೀಲಿ ಏಳೂವರೆಗೆ, ಕೆಂಪು ಎಂಟಕ್ಕೆ. ಯಾಕೆ ಹೀಗೆ ಅಂತ ಯಾರೋ ಕೇಳಿದ್ದಕ್ಕೆ ‘ಬೇರೆ ಬೇರೆ ಸ್ಟಾರ್ಟಿಂಗ್ ಪಾಯಿಂಟ್ ಸರ್’ ಅಂದರು. ನಾನೂ ತಲೆ ಆಡಿಸಿದೆ.

ಸೈಕಲ್ ಬಗ್ಗೆ ಹೇಳಲೇಬೇಕು. ಹುಡುಗನಿಗೆ ಕೊಟ್ಟಿದ್ದರ ಹಿಂದಿನ ಬ್ರೇಕ್ ಲಿವರ್ ಒತ್ತಿದರೆ ಸೀದಾ ಹಿಡಿಗೆ ಬಂದು ತಾಗುತ್ತಿತ್ತು. ಅಂದರೆ ಬ್ರೇಕ್ ಇಲ್ಲ. ನಾನೇ ಕೇಬಲ್ ಹತ್ತಿರದ ತಿರುಪು ತಿರುಗಿಸಿ ಸ್ವಲ್ಪ ಬಿಗಿ ಮಾಡಿದೆ. ಡಿಸ್ಕ್ ಹತ್ತಿರ ಬಗ್ಗಿ ನೋಡಿದೆ, ಪ್ಯಾಡ್ ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಬೇರೆ ಕೊಡಿ ಅಂದರೆ ‘ಗ್ರೀನ್ ಟ್ರೇಲ್‌ಗೆ ಇಷ್ಟು ಸಾಕು ಸರ್, ಅಲ್ಲಿ ಬ್ರೇಕ್ ಹಿಡಿಯೋ ಕೆಲಸವೇ ಇಲ್ಲ’ ಅಂತ ನಕ್ಕರು. ಅಲ್ಲೇ ವಾಪಸ್ ಬರಬೇಕಿತ್ತು. ದಡ್ಡತನ ನಂಬರ್ ಎರಡು.

ಮೊದಲ ಎರಡು ಕಿಲೋಮೀಟರ್ ಎಸ್ಟೇಟ್ ರಸ್ತೆ. ಕಾಫಿ ಗಿಡ, ಮೆಣಸಿನ ಬಳ್ಳಿ, ಸಮತಟ್ಟು. ಹುಡುಗ ಖುಷಿಯಲ್ಲಿದ್ದ. ಮಾಮಾ, ಫೋಟೋ ತೆಗಿ ಅಂತ ಎರಡು ಸಲ ನಿಲ್ಲಿಸಿದ. ಆಮೇಲೆ ಒಂದು ತಂತಿ ಬೇಲಿ ಬಂತು. ಗೈಡ್ ಹುಡುಗ ತಂತಿ ಎತ್ತಿ ಹಿಡಿದ, ನಾವು ಸೈಕಲ್ ತೂರಿಸಿದೆವು. ಅಲ್ಲಿಂದ ಕಾಡು. ಅಲ್ಲಿಂದ ಇಳಿಜಾರು. ಎಂಥ ಇಳಿಜಾರು ಅಂದರೆ, ಆಮೇಲೆ ನನ್ನ ವಾಚ್‌ನಲ್ಲಿ ನೋಡಿದೆ, 3 ಕಿಲೋಮೀಟರ್‌ಗೆ 400 ಮೀಟರ್ ಇಳಿದಿದ್ದೇವೆ. ಲೆಕ್ಕ ಹಾಕಿದರೆ ಸರಾಸರಿ 13%. ಹಳೇ ಜೀಪ್ ದಾರಿ, ಮಳೆ ನೀರು ನಡುವೆ ಕೊರೆದು ಮೊಣಕಾಲುದ್ದ ಕೊರಕಲು, ಎರಡೂ ಕಡೆ ಪಾಚಿ ಕಟ್ಟಿದ ಕಲ್ಲು, ಅಡ್ಡಡ್ಡ ಬೇರು. ಒದ್ದೆ ಬೇರಿನ ಮೇಲೆ ಚಕ್ರ ಓರೆ ಹತ್ತಿದರೆ ಸೋಪಿನ ಮೇಲೆ ಕಾಲಿಟ್ಟ ಹಾಗೆಯೇ.

ಮೌಂಟನ್ ಬೈಕಿಂಗ್‌ನಲ್ಲಿ ಬಣ್ಣಕ್ಕೆ ಅರ್ಥ ಇದೆ, ಸುಮ್ನೆ ಅಲಂಕಾರಕ್ಕಲ್ಲ. ಸ್ಕೀಯಿಂಗ್‌ನಿಂದ ಬಂದ ಪದ್ಧತಿ ಇದು. ಮೌಂಟನ್ ಬೈಕಿಂಗ್‌ನವರ ಅಂತರರಾಷ್ಟ್ರೀಯ ಸಂಘ ಇಂಬಾ (IMBA) ಹಾಕಿಕೊಟ್ಟ ಅಳತೆಯಲ್ಲಿ ಹಸಿರು ಅಂದರೆ ಸರಾಸರಿ ಇಳಿಜಾರು 5% ಒಳಗೆ, ದಾರಿ 36 ಇಂಚಾದರೂ ಅಗಲ, ತಪ್ಪಿಸಿಕೊಂಡು ಹೋಗಲಾಗದ ಕಲ್ಲು ಬೇರು ಇದ್ದರೂ 2 ಇಂಚಿಗಿಂತ ಎತ್ತರ ಇರಬಾರದು. ಇದನ್ನೆಲ್ಲ ನಾನು ಓದಿದ್ದು ಮನೆಗೆ ಬಂದ ಮೇಲೆ. ಅಲ್ಲಿನ ಬೇರುಗಳು ನನ್ನ ತೊಡೆಯಷ್ಟು ದಪ್ಪ ಇದ್ದವು.

ಹುಡುಗ ಮೂರನೇ ತಿರುವಿನಲ್ಲಿ ಬಿದ್ದ. ಹಿಂದಿನ ಬ್ರೇಕ್ ಹಿಡಿಯಲಿಲ್ಲ, ಗಾಬರಿಯಲ್ಲಿ ಮುಂದಿನದನ್ನು ಒತ್ತಿದ, ಹ್ಯಾಂಡಲ್ ಮೇಲಿಂದ ಹಾರಿ ಕೈ ಊರಿದ. ಅಳಲಿಲ್ಲ. ಏನೂ ಆಗಿಲ್ಲ ಮಾಮಾ, ಅಮ್ಮಂಗೆ ಹೇಳ್ಬೇಡ ಅಂದ. ಮಣಿಕಟ್ಟು ಅಷ್ಟರಲ್ಲೇ ಊದಿಕೊಳ್ಳುತ್ತಿತ್ತು. ನನ್ನ ಟವೆಲ್ ಕಟ್ಟಿ, ಎರಡೂ ಸೈಕಲ್ ನಾನೇ ತಳ್ಳಿಕೊಂಡು ಕೆಳಗಿನ ಹಳ್ಳದವರೆಗೆ ಇಳಿದೆ. ಕಾಲಿಗೆ ಜಿಗಣೆ ಹತ್ತಿದ್ದವು. ಗೈಡ್ ಹುಡುಗ ‘ಇಂಬಳ ಅಣ್ಣ, ಕೀಳ್ಬೇಡಿ, ತಾನೇ ಬೀಳುತ್ತೆ’ ಅಂತ ಉಪ್ಪು ಹುಡುಕುತ್ತಿದ್ದ.

ಆ ಹಳ್ಳದ ಹತ್ತಿರ ಕೂತಿದ್ದಾಗ ಮೇಲಿನಿಂದ ‘ಅಂಕಲ್, ಸೈಡ್!’ ಅಂತ ಕೂಗು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್, ಒಬ್ಬ ಹುಡುಗ ನೀರು ಎರಚಿಕೊಂಡು ಬಂದು ನಿಂತ. ಅವನ ಹ್ಯಾಂಡಲ್‌ನಲ್ಲಿ ಕೆಂಪು ರಿಬ್ಬನ್.

ದಾರಿ ತಪ್ಪಿದ್ರಾ ಅಂತ ಕೇಳಿದೆ. ನಿಜವಾಗಿ ಹಾಗೇ ಅಂದುಕೊಂಡೆ.

‘ಇಲ್ಲ ಅಂಕಲ್. ಇದೇ ರೆಡ್ ಟ್ರೇಲ್.’

‘ನಾವು ಗ್ರೀನ್.’

ಅವನು ನನ್ನ ರಿಬ್ಬನ್ ನೋಡಿದ. ನಾನು ಅವನ ರಿಬ್ಬನ್ ನೋಡಿದೆ. ಅಷ್ಟರಲ್ಲಿ ನೀಲಿಯವರೂ ಸೈಕಲ್ ತಳ್ಳಿಕೊಂಡು ಇಳಿದು ಬಂದರು. ಒಬ್ಬರಿಗೆ ಮೊಣಕಾಲು ತರಚಿತ್ತು. ಮೂರೂ ಬಣ್ಣ ಒಂದೇ ಹಳ್ಳದಲ್ಲಿ ನಿಂತು ಮುಖ ಮುಖ ನೋಡಿಕೊಂಡೆವು. ಒಂದೇ ದಾರಿ, ಮೂರು ರೇಟು. ಕೆಂಪಿನ ಹುಡುಗನಿಗೆ ಬೇರೆಯೇ ಕೋಪ. ‘4,500 ಕೊಟ್ಟಿದ್ದೀನಿ, ಇದು ರೆಡ್ಡಾ? ಸಪ್ಪೆ’ ಅಂತ. ಅವನಿಗೆ ಸಪ್ಪೆಯಾದದ್ದರಲ್ಲಿ ನನ್ನ ಹುಡುಗ ಕೈ ಮುರಿದುಕೊಂಡಿದ್ದ.

ಗೈಡ್ ಹುಡುಗನನ್ನು ಕೇಳಿದೆ. ಪಾಪ, ಅದೇ ಊರಿನವನು, ದಿನಗೂಲಿಗೆ ಬಂದವನು. ‘ಇರೋದೇ ಇದೊಂದು ದಾರಿ ಅಣ್ಣ. ಇನ್ನೊಂದು ಎಲ್ಲಿಂದ ತರೋದು?’ ಅಂದ. ಇಡೀ ಪ್ರವಾಸದಲ್ಲಿ ನಾನು ಕೇಳಿದ ಮೊದಲ ನಿಜ ಅದು.

ಮುಗೀತು ಅಂದುಕೊಂಡಿರಾ? ಕೆಳಗೆ ರಸ್ತೆಗೆ ಹತ್ತುವಲ್ಲಿ ಫಾರೆಸ್ಟ್ ಗಾರ್ಡ್ ನಿಲ್ಲಿಸಿದರು. ‘ಏನ್ರೀ, ಆನೆ ಓಡಾಡೋ ಜಾಗಕ್ಕೆ ಮಕ್ಕಳನ್ನ ಕರ್ಕೊಂಡು ಬಂದಿದೀರಲ್ಲ, ಓದಿದೋರ ಥರ ಕಾಣ್ತೀರಿ.’ ಪರ್ಮಿಷನ್ ಇರಲಿಲ್ಲ. ಮೀಸಲು ಅರಣ್ಯದೊಳಗೆ ಹಾಗೆ ನುಗ್ಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಆಯೋಜಕರು ಅಲ್ಲಿ ಇರಲಿಲ್ಲ, ಬೈಸಿಕೊಂಡಿದ್ದು ನಾವು. ಗಾರ್ಡ್ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಹುಡುಗನ ಕೈ ನೋಡಿ ಅವರೇ ಒಂದು ಜೀಪ್ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿದರು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು.

ಇನ್ನು ಆಯೋಜಕರ ಉತ್ತರಗಳು. ಎಲ್ಲ ಸ್ಕ್ರೀನ್‌ಶಾಟ್ ಇದೆ. ಬಿಗಿನರ್ ಅಂತ ಹೇಳಿ ಇದೇನು ಅಂತ ಕೇಳಿದ್ದಕ್ಕೆ: ‘ಸರ್, ಬಿಗಿನರ್ ಅಂದ್ರೆ ಮೌಂಟನ್ ಬೈಕಿಂಗ್‌ನಲ್ಲಿ ಬಿಗಿನರ್. ಸೈಕ್ಲಿಂಗ್‌ನಲ್ಲಿ ಅಲ್ಲ.’ ಮೂರಕ್ಕೂ ಒಂದೇ ದಾರಿ ಯಾಕೆ ಅಂದಿದ್ದಕ್ಕೆ: ‘ದಾರಿ ಒಂದೇ ಸರ್, ಸ್ಪೀಡ್ ಬೇರೆ. ಗ್ರೀನ್ ಅಂದ್ರೆ ನಿಧಾನಕ್ಕೆ ಹೋಗಬೇಕು.’ ಇದನ್ನು ಓದಿ ಎರಡು ನಿಮಿಷ ಫೋನ್ ಹಿಡಿದು ಸುಮ್ಮನೆ ಕೂತೆ. ಬ್ರೇಕ್ ಬಗ್ಗೆ: ‘ನೀವೇ ತಿರುಪು ಮುಟ್ಟಿದ್ರಂತೆ.’ ಪರ್ಮಿಷನ್ ಬಗ್ಗೆ ಕೈ ಮುಗಿದ ಇಮೋಜಿ. ದುಡ್ಡು ವಾಪಸ್ ಕೇಳಿದರೆ ನಾನು ಸಹಿ ಹಾಕಿದ ಫಾರಂನ ಫೋಟೋ. ಕೊನೆಗೆ ಬಂದದ್ದು ಇದು: ‘ನಿಮಗೆ ಬೇಜಾರಾಗಿದೆ ಅಂತ ಗೊತ್ತು ಬ್ರೋ. ನೆಕ್ಸ್ಟ್ ಬ್ಯಾಚ್‌ಗೆ ಬನ್ನಿ, ಗ್ರೀನ್‌ನಿಂದ ಬ್ಲೂಗೆ ಫ್ರೀ ಅಪ್‌ಗ್ರೇಡ್ ಮಾಡ್ತೀವಿ.’ ಸರ್ ಇದ್ದವನು ಬ್ರೋ ಆದೆ.

ಬುಕ್ ಮಾಡೋರು ಇಷ್ಟು ಮಾಡಿ. ಪ್ರತಿ ಬಣ್ಣಕ್ಕೂ ಬೇರೆ ಜಿಪಿಎಸ್ ಫೈಲ್, ಅಂದರೆ ಫೋನ್‌ನಲ್ಲಿ ನೋಡಬಹುದಾದ ದಾರಿಯ ನಕ್ಷೆ, ಕೇಳಿ. ಎಷ್ಟು ದೂರ ಅಂತ ಮಾತ್ರ ಕೇಳಬೇಡಿ, ಎಷ್ಟು ಮೀಟರ್ ಇಳಿಯುತ್ತೆ ಅಂತ ಕೇಳಿ. ಇಲಾಖೆಯ ಚೀಟಿ ಕೈಯಲ್ಲಿ ಹಿಡಿದು ನೋಡಿ. ಬ್ರೇಕ್ ಲಿವರ್ ಹಿಡಿಗೆ ತಾಗಿದರೆ ಸೈಕಲ್ ಅಲ್ಲೇ ಬಿಟ್ಟು ರೊಟ್ಟಿ ತಿಂದು ವಾಪಸ್ ಬನ್ನಿ. ಮಳೆಗಾಲ ಮುಗಿದು ನೆಲ ಒಣಗೋವರೆಗೆ ಮಕ್ಕಳನ್ನು ಘಟ್ಟದ ಇಳಿಜಾರಿಗೆ ಕರೆದುಕೊಂಡು ಹೋಗಲೇಬೇಡಿ, ಯಾವ ಬಣ್ಣ ಕಟ್ಟಿದರೂ ಅಷ್ಟೇ. ‘ನೀರು ಕುಡಿದ ಹಾಗೆ’ ಅಂದವರಿಗಂತೂ ಒಂದು ರೂಪಾಯಿ ಮುಂಗಡ ಕಳಿಸಬೇಡಿ.

ಪ್ಲಾಸ್ಟರ್ ತೆಗೆಯೋಕೆ ಇನ್ನೂ ಮೂರು ವಾರ ಇದೆ. ಹುಡುಗ ಎಡಗೈಯಲ್ಲಿ ಹೋಂವರ್ಕ್ ಬರೆಯೋದು ಕಲಿಯುತ್ತಿದ್ದಾನೆ. ಅಕ್ಕ ಫೋನ್ ತೆಗೆಯುತ್ತಿಲ್ಲ, ಭಾವನ ಕೈಲಿ ಹೇಳಿಸುತ್ತಾಳೆ.